ಕಂಬ ಮುರಿಯದ ಸುತ್ತುನೋಟ

ಯಡಿಯೂರಿಗೆ ಬಂದವರು ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು, ಹೊರಗೆ ಬಂದ ಕೂಡಲೇ ಫೋನ್ ತೆಗೆಯುತ್ತಾರೆ. ಮಂಡಿನೋವಿನಿಂದ ಮನೆಯಲ್ಲೇ ಉಳಿದ ಅಜ್ಜಿಗೆ, ಪರದೇಶದಲ್ಲಿರುವ ಮಗಳಿಗೆ ‘ಇಲ್ಲಿ ಹೀಗಿದೆ’ ಎಂದು ತೋರಿಸುವ ಆಸೆ. ಒಂದೊಂದೇ ಫೋಟೊ ಕಳಿಸಿದರೆ ಗೋಪುರ ಬೇರೆ, ಅಂಗಳ ಬೇರೆ, ರಥಬೀದಿ ಬೇರೆ. ಯಾವುದು ಎಲ್ಲಿದೆ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಸರಿ, ಫೋನಿನ ಪನೋರಮಾ ಒತ್ತಿ ಎಡದಿಂದ ಬಲಕ್ಕೆ ಎಳೆಯುತ್ತಾರೆ. ಬಂದ ಚಿತ್ರದಲ್ಲಿ ಕಂಬ ನಡುವೆ ಮುರಿದಿರುತ್ತದೆ, ನೇರ ಮೆಟ್ಟಿಲು ಬಾಗಿರುತ್ತದೆ, ಅಡ್ಡ ಹಾದುಹೋದ ಭಕ್ತರೊಬ್ಬರಿಗೆ ಮೂರು ಕಾಲು.

ಬೈಗುಳ ತಿನ್ನುವುದು ಫೋನು. ಇನ್ನೂ ದುಬಾರಿ ಫೋನ್ ಕೊಂಡರೂ ಅದೇ ಮಂಟಪದಲ್ಲಿ ಅದೇ ಕಂಬ ಮತ್ತೆ ಮುರಿಯುತ್ತದೆ. ಕ್ಯಾಮೆರಾ ಯಾವುದು ಎನ್ನುವುದಕ್ಕಿಂತ ಅದು ಯಾವ ಬಿಂದುವಿನ ಮೇಲೆ ನಿಂತು ತಿರುಗಿತು ಎನ್ನುವುದೇ ಸುತ್ತುನೋಟದ ಚಿತ್ರವನ್ನು ಉಳಿಸುವುದು ಅಥವಾ ಕೆಡಿಸುವುದು.

ಸುತ್ತಲೂ ತಿರುಗಿ ನೋಡುವ ಚಿತ್ರದ ಹುಚ್ಚು ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲೇ ಇದಕ್ಕೆ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನಲ್ಲಿ ದುಂಡು ಕಟ್ಟಡ ಕಟ್ಟಿಸಿ ಒಳಗೋಡೆಯ ತುಂಬ ಚಿತ್ರ ಹರಡಿದ್ದ. ಕನ್ನಡನಾಡಿನ ಸಂಬಂಧವೂ ಬೇಗನೇ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಾಗುಚಿತ್ರವಾಗಿ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಕಾವೇರಿಯನ್ನು ಕಣ್ಣಿಂದ ಕಾಣದ ಜನ ದುಡ್ಡು ಕೊಟ್ಟು ಅದರ ಮುಂದೆ ನಿಂತರು. ಈಗ ಮೈಸೂರು ಅರಮನೆಯ ಜಾಲತಾಣದಲ್ಲೇ ಒಳಾಂಗಣಗಳನ್ನು ಸುತ್ತಿ ನೋಡಬಹುದು. 2013ರಲ್ಲಿ ಸಂಸ್ಕೃತಿ ಸಚಿವಾಲಯ ಮತ್ತು ಗೂಗಲ್ ಸೇರಿ ದೇಶದ 100 ಸ್ಮಾರಕಗಳ 360 ಡಿಗ್ರಿ ಚಿತ್ರ ತೆಗೆಯುವ ಯೋಜನೆ ಹಾಕಿಕೊಂಡವು. 2011ರಲ್ಲಿ ಬೆಂಗಳೂರಿನಲ್ಲಿ ಪೊಲೀಸರ ಆಕ್ಷೇಪದಿಂದ ನಿಂತಿದ್ದ, ಕಾರಿನ ಮೇಲೆ ಕ್ಯಾಮೆರಾ ಹೊತ್ತು ರಸ್ತೆಗಳ ಸುತ್ತುನೋಟ ತೆಗೆಯುವ ಗೂಗಲ್‌ನ ಸ್ಟ್ರೀಟ್ ವ್ಯೂ 2022ರ ಜುಲೈಯಲ್ಲಿ ಮರಳಿ ಬಂತು. ಆದರೆ ಆ ಕಾರು ಓಡುವುದು ರಸ್ತೆಯಲ್ಲಿ. ಅಂಗಳಕ್ಕೆ, ಕೆರೆ ಏರಿಯ ಮೇಲಕ್ಕೆ, ಸಿದ್ಧಲಿಂಗೇಶ್ವರರ ಕಗ್ಗೆರೆ ತಪೋಕ್ಷೇತ್ರದೊಳಕ್ಕೆ ಹೋಗಿ ಚಿತ್ರ ತೆಗೆಯಬೇಕಾದವರು ಊರಿನವರೇ.

ಕಂಬ ಮುರಿಯುವುದೇಕೆ?

ಒಂದು ಕಣ್ಣು ಮುಚ್ಚಿ. ಮುಖದ ಮುಂದೆ ಒಂದು ಗೇಣು ದೂರದಲ್ಲಿ ಬೆರಳು ನಿಲ್ಲಿಸಿ, ಅದನ್ನು ದೂರದ ಕಿಟಕಿಯ ಸರಳಿಗೆ ಸರಿಹೊಂದಿಸಿ. ಈಗ ಕತ್ತು ತಿರುಗಿಸಿ. ಬೆರಳು ಸರಳಿನಿಂದ ಪಕ್ಕಕ್ಕೆ ಜಾರುತ್ತದೆ. ಕತ್ತು ತಿರುಗುವುದು ಬೆನ್ನೆಲುಬಿನ ಮೇಲೆ, ಕಣ್ಣಿರುವುದು ಅದರ ಮುಂದೆ. ಆದ್ದರಿಂದ ಕಣ್ಣು ತಿರುಗುವುದರ ಜೊತೆಗೆ ಸ್ವಲ್ಪ ಜಾಗವನ್ನೂ ಬದಲಿಸುತ್ತದೆ. ಹತ್ತಿರದ ವಸ್ತು ಮತ್ತು ದೂರದ ವಸ್ತು ಒಂದರ ಮೇಲೊಂದು ಸರಿಯುವ ಈ ಆಟಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ.

ಫೋನನ್ನು ಚಾಚಿದ ಕೈಯಲ್ಲಿ ಹಿಡಿದು ನೀವು ನಿಂತಲ್ಲೇ ತಿರುಗಿದಾಗ ಆಗುವುದು ಇದೇ, ಇನ್ನೂ ಜೋರಾಗಿ. ಲೆನ್ಸ್ ಎರಡು ಅಡಿ ತ್ರಿಜ್ಯದ ವೃತ್ತದಲ್ಲಿ ಓಡಾಡುತ್ತದೆ. ಮೊದಲ ಚಿತ್ರದಲ್ಲಿ ಕಂಬದ ಎಡಕ್ಕೆ ಕಂಡ ಗೋಪುರದ ಕಳಸ ಮುಂದಿನ ಚಿತ್ರದಲ್ಲಿ ಕಂಬದ ಹಿಂದೆ ಅಡಗಿರುತ್ತದೆ. ಎರಡನ್ನೂ ಜೋಡಿಸಲು ಕೂತ ತಂತ್ರಾಂಶ ಕಳಸ ಕೂಡಿಸಿದರೆ ಕಂಬ ಮುರಿಯುತ್ತದೆ, ಕಂಬ ಕೂಡಿಸಿದರೆ ಕಳಸ ಎರಡಾಗುತ್ತದೆ. ಅದರ ತಪ್ಪೇನೂ ಇಲ್ಲ. ಅದಕ್ಕೆ ಎರಡು ಬೇರೆ ಜಾಗಗಳಿಂದ ಕಂಡ ಎರಡು ಬೇರೆ ಲೋಕಗಳನ್ನು ಕೊಟ್ಟಿರುತ್ತೇವೆ.

ಪ್ರತಿ ಲೆನ್ಸಿಗೂ ಒಂದು ಬಿಂದು ಇದೆ. ಅದರ ಮೇಲೆ ತಿರುಗಿಸಿದರೆ ಹತ್ತಿರ ಮತ್ತು ದೂರದ ವಸ್ತುಗಳು ಒಂದಕ್ಕೊಂದು ಸರಿಯುವುದಿಲ್ಲ. ಛಾಯಾಗ್ರಾಹಕರ ಬಾಯಲ್ಲಿ ಅದು ‘ನೋಡಲ್ ಪಾಯಿಂಟ್’. ಮುಂದಿನಿಂದ ಇಣುಕಿದಾಗ ಲೆನ್ಸಿನೊಳಗೆ ಬೆಳಕು ಹೊಗುವ ರಂಧ್ರ ಎಲ್ಲಿದ್ದಂತೆ ಕಾಣುತ್ತದೋ ಆ ಜಾಗ ಅದು. ಫೋನಿನಲ್ಲಿ ಅದು ಹಿಂಬದಿಯ ಲೆನ್ಸಿನ ಗಾಜಿನ ಹತ್ತಿರವೇ ಇರುತ್ತದೆ, ಫೋನಿನ ನಡುಮಧ್ಯದಲ್ಲಲ್ಲ.

ಇದರಿಂದ ಒಂದು ಅನುಕೂಲದ ಮಾತೂ ಹೊರಡುತ್ತದೆ. ಹತ್ತಿರ ಏನೂ ಇಲ್ಲದ ಜಾಗದಲ್ಲಿ ಪ್ಯಾರಲಾಕ್ಸ್ ಕಾಟ ಕಾಣುವುದೇ ಇಲ್ಲ. ಆದ್ದರಿಂದ ಕಲಿಯುವವರು ಮೊದಲ ದಿನವೇ ದೇವಸ್ಥಾನದ ಮಂಟಪಕ್ಕೆ ಹೋಗಬಾರದು. ಕುಣಿಗಲ್ ಕೆರೆಯ ಏರಿಯಿಂದ ಆರಂಭಿಸುವುದು ಒಳ್ಳೆಯದು: ಒಂದು ಕಡೆ ನೀರಿನ ಬಯಲು, ಇನ್ನೊಂದು ಕಡೆ ತೋಟ, ಕೈಯಲ್ಲಿ ಹಿಡಿದು ತಿರುಗಿದರೂ ಹೆಚ್ಚು ಕೆಡದು. ಆಮೇಲೆ ಕೈದಾಳದ ಚೆನ್ನಕೇಶವ ದೇಗುಲದಂಥ ಕಡೆ ತೆರೆದ ಅಂಗಳ. ಕಂಬ ಹತ್ತಿರ ಹತ್ತಿರ ನಿಂತ ಮಂಟಪ ಕೊನೆಯ ಪರೀಕ್ಷೆ.

ಯಾವ ಕ್ಯಾಮೆರಾ?

ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮೀನುಗಣ್ಣಿನ ಲೆನ್ಸ್‌ಗಳ 360 ಕ್ಯಾಮೆರಾಗಳು ಒಂದೇ ಕ್ಲಿಕ್ಕಿಗೆ ಸುತ್ತಲಿನದನ್ನೆಲ್ಲ ಹಿಡಿಯುತ್ತವೆ. ರಿಕೋ ಥೀಟಾ 2013ರಲ್ಲಿ ಈ ದಾರಿ ತೆರೆಯಿತು. ಇನ್‌ಸ್ಟಾ360 ಕಂಪನಿಯವು ಈಗ ಹೆಚ್ಚು ಕಾಣಸಿಗುತ್ತವೆ. ಜನ ಓಡಾಡುವ ಜಾಗಕ್ಕೆ, ರಥೋತ್ಸವಕ್ಕೆ ಇವೇ ಸರಿ. ಕೊರತೆ ಸ್ಪಷ್ಟತೆಯಲ್ಲಿದೆ. ಥೀಟಾ ಜೆಡ್1 ಕೊಡುವ ಚಿತ್ರದ ಅಗಲ 6720 ಪಿಕ್ಸೆಲ್. ಕೇಳಲು ದೊಡ್ಡದು, ಆದರೆ ಅದು ಪೂರ್ತಿ 360 ಡಿಗ್ರಿಗೆ ಹಂಚಿಹೋಗುತ್ತದೆ. ನೋಡುವವರು ಒಮ್ಮೆಗೆ 90 ಡಿಗ್ರಿ ನೋಡುತ್ತಾರೆ ಎಂದರೆ ಕಣ್ಣಿಗೆ ಸಿಗುವುದು 1680 ಪಿಕ್ಸೆಲ್ ಮಾತ್ರ. ಗೋಪುರದ ಗಾರೆಶಿಲ್ಪ ಹಿಗ್ಗಿಸಿ ನೋಡಹೊರಟರೆ ಮಸುಕು.

ಸಾಮಾನ್ಯ ಫೋನಿನ 12 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಸುಮಾರು 50 ಡಿಗ್ರಿ ಅಗಲಕ್ಕೆ 3000 ಪಿಕ್ಸೆಲ್ ಸಿಗುತ್ತದೆ. ಹಾಗೆ ತೆಗೆದು ಜೋಡಿಸಿದ ಪೂರ್ಣ ಚಿತ್ರ 20,000 ಪಿಕ್ಸೆಲ್ ದಾಟುತ್ತದೆ. ಜೇಬಿನಲ್ಲಿರುವ ಸಾಧನವೇ ಮೂರು ಪಟ್ಟು ವಿವರ ಕೊಡಬಲ್ಲದು, ತಾಳ್ಮೆಯಿದ್ದರೆ. ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದವರು ಮೀನುಗಣ್ಣಿನ ಲೆನ್ಸ್ ಮತ್ತು ನೋಡಲ್ ಪಾಯಿಂಟ್ ಮೇಲೆಯೇ ಕ್ಯಾಮೆರಾ ತಿರುಗಿಸುವ ಪನೋರಮಾ ಹೆಡ್ ಬಳಸಿದರೆ ಸುತ್ತಲೂ ಆರು, ಮೇಲೊಂದು, ಕೆಳಗೊಂದು ಚಿತ್ರಕ್ಕೇ ಕೆಲಸ ಮುಗಿಯುತ್ತದೆ.

ಹೋಗುವ ಮೊದಲು

ಯಡಿಯೂರು ದೇವಸ್ಥಾನ ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿದೆ. ಇಲಾಖೆ 2023ರ ಜುಲೈಯಲ್ಲಿ ತನ್ನ ದೇವಾಲಯಗಳ ಒಳಗೆ ಮೊಬೈಲ್ ಬಳಕೆಯನ್ನೇ ನಿಷೇಧಿಸಿ ಆದೇಶ ಹೊರಡಿಸಿತು. ಆದ್ದರಿಂದ ಒಳಾಂಗಣದ ಚಿತ್ರ ಬೇಕಿದ್ದರೆ ದೇವಸ್ಥಾನದ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟೇ ಹೋಗಬೇಕು. ಅರ್ಜಿಯಲ್ಲಿ ಯಾವ ದಿನ, ಯಾವ ವೇಳೆ, ಎಲ್ಲೆಲ್ಲಿ ಟ್ರೈಪಾಡ್ ಇಡುವಿರಿ, ಚಿತ್ರ ಎಲ್ಲಿ ಹಾಕುವಿರಿ ಎಂಬುದನ್ನು ಬರೆಯಿರಿ. ಗದ್ದುಗೆಯ ಚಿತ್ರ ಬೇಡವೆಂದರೆ ಅಲ್ಲಿಗೆ ಬಿಡಿ. ಬಾಗಿಲಿನಾಚೆ ನಿಂತು ತೆಗೆದ ಅಂಗಳವೇ ನೋಡುವವರಿಗೆ ಸಾಕಷ್ಟು ಹೇಳುತ್ತದೆ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಸಾಮಾನ್ಯ ಫೋಟೊಗೆ ತಕರಾರಿಲ್ಲದ ಕಡೆಯೂ ಟ್ರೈಪಾಡ್‌ಗೆ ಅನುಮತಿ ಬೇಕು. ಅಣೆಕಟ್ಟೆಯ ಮೇಲೆ ಕ್ಯಾಮೆರಾ ನಿಲ್ಲಿಸುವ ಮುನ್ನ ಅಲ್ಲಿನ ನೀರಾವರಿ ಸಿಬ್ಬಂದಿಯನ್ನು ಕೇಳಬೇಕು. ಡ್ರೋನ್ ಬೇರೆಯದೇ ಕಥೆ; ಅದಕ್ಕೆ 2021ರ ಡ್ರೋನ್ ನಿಯಮಗಳಿವೆ, ಹಾರಾಟದ ನಕ್ಷೆ ನೋಡದೆ ಎತ್ತುವಂತಿಲ್ಲ.

ಮುಂದಿನದು ದಾರಿ. ಕ್ಯಾಮೆರಾ ಇಲ್ಲದೆ ಒಮ್ಮೆ ಭಕ್ತರು ನಡೆಯುವ ಹಾಗೆಯೇ ನಡೆದು ನೋಡಿ: ಮಹಾದ್ವಾರ, ಅಂಗಳ, ಮಂಟಪ, ಪ್ರದಕ್ಷಿಣೆ, ದಾಸೋಹದ ಕಡೆ, ಮತ್ತೆ ರಥಬೀದಿ. ಕಾಲು ತಾನಾಗಿ ನಿಲ್ಲುವ, ತಲೆ ಮೇಲೆತ್ತುವ, ದಾರಿ ಕವಲಾಗುವ ಜಾಗಗಳನ್ನು ಚೀಟಿಯಲ್ಲಿ ಗುರುತು ಮಾಡಿ. ಕ್ಯಾಮೆರಾ ನಿಲ್ಲಿಸುವ ಬಿಂದುಗಳು ಅವೇ; ಅಲ್ಲಿ ತೆಗೆದ ಸುತ್ತುನೋಟಗಳನ್ನು ಕೊನೆಗೆ ಒಂದರಿಂದೊಂದಕ್ಕೆ ಜೋಡಿಸಿದರೆ ‘ಟೂರ್’. ಒಂದು ಬಿಂದುವಿನಿಂದ ಮುಂದಿನದು ಕಣ್ಣಿಗೆ ಕಾಣಬೇಕು. ಬಯಲಿನಲ್ಲಿ ಹತ್ತು ಮೀಟರ್ ಅಂತರ ನಡೆಯುತ್ತದೆ. ಒಳಗೆ ಮೂರು ಮೀಟರ್ ದಾಟಿದರೆ ನೋಡುವವರು ಗೋಡೆಯೊಳಗಿಂದ ನುಗ್ಗಿ ಬಂದಂತಾಗುತ್ತದೆ.

ಚಿತ್ರ ತೆಗೆಯುವ ಕ್ರಮ

1. ಹೊತ್ತು ಆರಿಸಿ. ಸುತ್ತಲಿನದೆಲ್ಲ ಚಿತ್ರದಲ್ಲಿ ಬರುವುದರಿಂದ ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳುವ ಹಳೆಯ ಉಪಾಯ ಇಲ್ಲಿ ನಡೆಯದು. ಬೆಳಗ್ಗೆ ಬೇಗ ಹೋಗಿ, ಸೂರ್ಯ ಗೋಪುರದ ಅಥವಾ ಮರದ ಹಿಂದೆ ಮರೆಯಾಗುವಂತೆ ಬಿಂದುವನ್ನು ಒಂದೆರಡು ಹೆಜ್ಜೆ ಸರಿಸಿ. ತೆಳುಮೋಡದ ದಿನ ಸಿಕ್ಕರೆ ಬಿಡಬೇಡಿ. ಜಾತ್ರೆ, ಹುಣ್ಣಿಮೆ, ಸೋಮವಾರಗಳನ್ನು ತಪ್ಪಿಸಿ.

2. ಎತ್ತರ ಒಂದೇ ಇರಲಿ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ನಿಂತ ಮನುಷ್ಯರ ನೋಟ ಬರುತ್ತದೆ. ಒಂದು ಬಿಂದುವಿನಲ್ಲಿ ಎತ್ತರ, ಮತ್ತೊಂದರಲ್ಲಿ ತಗ್ಗು ಮಾಡಿದರೆ ಟೂರ್ ನೋಡುವವರಿಗೆ ಮೆಟ್ಟಿಲಿಳಿದು ಹತ್ತಿದ ಭ್ರಮೆ.

3. ತಿರುಗುವ ಬಿಂದು ಹಿಡಿಯಿರಿ. ಪನೋರಮಾ ಹೆಡ್ ಇದ್ದರೆ ಹತ್ತಿರದ ಕಂಬದ ಅಂಚನ್ನು ದೂರದ ಕಳಸಕ್ಕೆ ಹೊಂದಿಸಿ, ಕ್ಯಾಮೆರಾ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಎರಡೂ ಬೇರೆಯಾದರೆ ಕ್ಯಾಮೆರಾವನ್ನು ಹಳಿಯ ಮೇಲೆ ಸ್ವಲ್ಪ ಹಿಂದೆ ಮುಂದೆ ಜರುಗಿಸಿ. ಬೇರೆಯಾಗುವುದು ನಿಂತ ಕಡೆ ಗುರುತು ಹಾಕಿ. ಹೆಡ್ ಇಲ್ಲದವರಿಗೆ ಗಾರೆಯವರ ಉಪಾಯವೇ ಗತಿ. ಅವರು ಗೋಡೆಯ ನೇರ ನೋಡಲು ಇಳಿಬಿಡುವಂಥ ಗುಂಡು ಕಟ್ಟಿದ ದಾರವನ್ನು ಫೋನಿನ ಲೆನ್ಸಿನ ಪಕ್ಕಕ್ಕೆ ಟೇಪಿನಿಂದ ಅಂಟಿಸಿ. ನೆಲದ ಮೇಲೆ ಒಂದು ನಾಣ್ಯ ಇಡಿ. ಗುಂಡು ನಾಣ್ಯದ ಮೇಲೇ ತೂಗುವಂತೆ ಹಿಡಿದು, ಫೋನಿನ ಸುತ್ತ ನೀವು ನಡೆಯಿರಿ. ನೋಡಲು ನಗು ತರಿಸುವ ಕಸರತ್ತು, ಆದರೆ ಬಯಲಲ್ಲೂ ಅಂಗಳದಲ್ಲೂ ಸಾಕಾಗುವಷ್ಟು ನಿಖರ.

4. ಎಲ್ಲವನ್ನೂ ಬಿಗಿ ಮಾಡಿ. ಫೋನನ್ನು ಆಟೊದಲ್ಲಿ ಬಿಟ್ಟರೆ ಆಕಾಶದ ಕಡೆ ಕತ್ತಲು, ಮಂಟಪದ ಕಡೆ ಬೆಳಕು ಮಾಡಿ ಚಿತ್ರದಿಂದ ಚಿತ್ರಕ್ಕೆ ಪಟ್ಟೆ ಹಾಕುತ್ತದೆ. ಪ್ರೊ ಮೋಡ್‌ನಲ್ಲಿ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಒಂದೇ ಕಡೆ ನಿಲ್ಲಿಸಿ. ಪ್ರೊ ಮೋಡ್ ಇಲ್ಲದಿದ್ದರೆ ಪರದೆಯನ್ನು ಒತ್ತಿ ಹಿಡಿದು ಲಾಕ್ ಮಾಡಿ.

5. ಚಿತ್ರಗಳು ಒಂದರ ಮೇಲೊಂದು ಚಾಚಲಿ. ಪಕ್ಕದ ಎರಡು ಚಿತ್ರಗಳಲ್ಲಿ ಮೂರನೇ ಒಂದು ಪಾಲಿನಷ್ಟು ಒಂದೇ ದೃಶ್ಯ ಇದ್ದರೆ ಜೋಡಣೆ ಸಲೀಸು. ಫೋನಿನ ಮುಖ್ಯ ಕ್ಯಾಮೆರಾದಲ್ಲಿ 30 ಡಿಗ್ರಿಗೊಂದರಂತೆ 12 ಚಿತ್ರ, ಅಂಥ ಮೂರು ಸಾಲು: ನೇರ, 45 ಡಿಗ್ರಿ ಮೇಲೆ, 45 ಡಿಗ್ರಿ ಕೆಳಗೆ. ಕೊನೆಗೆ ನೆತ್ತಿಯ ಮೇಲಿನದೊಂದು, ಪಾದದ ಕೆಳಗಿನದೊಂದು. ಅಗಲಗಣ್ಣಿನ ಎರಡನೇ ಕ್ಯಾಮೆರಾ ಇದ್ದರೆ ಆರರಂತೆ ಎರಡು ಸಾಲು ಸಾಕು, ಅಂಚುಗಳಲ್ಲಿ ಸ್ವಲ್ಪ ಮಸುಕನ್ನು ಒಪ್ಪಿಕೊಂಡರೆ.

6. ಒಳಗಿನ ಬೆಳಕಿಗೆ ಬೇರೆ ಲೆಕ್ಕ. ಮಂಟಪದ ಒಳಗು ಕತ್ತಲು, ಬಾಗಿಲಾಚೆ ಉರಿಬಿಸಿಲು. ಒಂದೇ ಎಕ್ಸ್‌ಪೋಷರ್‌ನಲ್ಲಿ ಎರಡೂ ಹಿಡಿಯುವುದಿಲ್ಲ. ಪ್ರತಿ ದಿಕ್ಕಿಗೂ ಕಡಿಮೆ, ಸರಿ, ಹೆಚ್ಚು ಎಂದು ಮೂರು ಚಿತ್ರ ತೆಗೆದು ಆಮೇಲೆ ಬೆರೆಸಿ. ಎಲ್‌ಇಡಿ ದೀಪದ ಕೆಳಗೆ ಅಡ್ಡಪಟ್ಟೆ ಕಂಡರೆ ಷಟರನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; ಈ ವೇಗಗಳು ಆ ಮಿನುಗಿಗೆ ತಾಳ ಹಾಕುತ್ತವೆ.

7. ಓಡಾಡುವುದನ್ನು ಒಂದೇ ಚಿತ್ರದೊಳಗೆ ಹಿಡಿಯಿರಿ. ಪೂಜಾರಿಗಳು, ಹಸು, ಹಾರುವ ಬಾವುಟ ಯಾವುದೇ ಇರಲಿ, ಅದು ಎರಡು ಚಿತ್ರಗಳ ಗಡಿಯಲ್ಲಿ ಬಂದರೆ ಅರ್ಧ ಮಾಯ. ನಡು ಚೌಕಟ್ಟಿಗೆ ಬರುವವರೆಗೆ ಕಾಯಿರಿ. ಜನ ಜಾಸ್ತಿಯಿದ್ದರೆ ಅದೇ ದಿಕ್ಕಿಗೆ ಮೂರು ನಾಲ್ಕು ಚಿತ್ರ ತೆಗೆದಿಟ್ಟುಕೊಂಡರೆ ಖಾಲಿಯಿದ್ದ ಭಾಗವನ್ನು ಆಮೇಲೆ ಆರಿಸಬಹುದು.

ಈ ಕೊನೆಯ ಮಾತು ಮಾರ್ಕೋನಹಳ್ಳಿಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಯಡಿಯೂರಿಗೆ ಹತ್ತಿರದ, ಶಿಂಷಾ ನದಿಯ ಈ ಅಣೆಕಟ್ಟೆಯಲ್ಲಿ ನೀರು ತುಂಬಿದಾಗ ಹೆಚ್ಚುವರಿ ನೀರನ್ನು ಗೇಟು ಎತ್ತದೆ ತಾನಾಗಿ ಹೊರಗೆ ಎಳೆದುಹಾಕುವ ಸೈಫನ್‌ಗಳಿವೆ. ಮಳೆ ಚೆನ್ನಾಗಿ ಆದ ವರ್ಷ ಆ ನೀರು ಧುಮುಕುವುದನ್ನು ನೋಡಲು ಜನ ಸೇರುತ್ತಾರೆ. ಸುತ್ತುನೋಟ ತೆಗೆಯುವವರು ಧುಮುಕುವ ನೀರು ಪೂರ್ತಿಯಾಗಿ ಒಂದು ಚಿತ್ರದ ನಡುವೆ ಬರುವಂತೆ ಮೊದಲ ದಿಕ್ಕನ್ನು ಆರಿಸಿ, ಅಲ್ಲಿಂದ ಎಣಿಕೆ ಶುರುಮಾಡಬೇಕು. ಸದ್ದೂ ಅಲ್ಲಿನ ಅರ್ಧ ಅನುಭವ; ಫೋನಿನಲ್ಲೇ ಒಂದು ನಿಮಿಷ ಧ್ವನಿಮುದ್ರಿಸಿಕೊಂಡರೆ ಟೂರ್‌ಗೆ ಸೇರಿಸಬಹುದು. ಹಿನ್ನೀರಿನ ಅಂಚಿನ ಒದ್ದೆ ಕಲ್ಲಿನ ಮೇಲೆ ಮಾತ್ರ ಕ್ಯಾಮೆರಾದೊಂದಿಗೆ ಹಿಮ್ಮುಖವಾಗಿ ತಿರುಗುವ ಸಾಹಸ ಬೇಡ. ಸುತ್ತುನೋಟ ತೆಗೆಯುವವರ ಕಣ್ಣು ಪರದೆಯ ಮೇಲಿರುತ್ತದೆ, ಕಾಲು ಎಲ್ಲಿದೆ ಎಂಬುದು ಮರೆತಿರುತ್ತದೆ. ಇನ್ನೊಬ್ಬರು ಜೊತೆಗಿರಲೇಬೇಕು.

ಜೋಡಣೆ

ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಹ್ಯೂಗಿನ್ ಸಾಕು. ಹಣ ಕೊಟ್ಟು ಕೊಳ್ಳುವವರಿಗೆ ಪಿಟಿಗುಯಿ ಇನ್ನೂ ಚುರುಕು. ಎರಡೂ ಪಕ್ಕದ ಚಿತ್ರಗಳಲ್ಲಿ ಒಂದೇ ಗುರುತನ್ನು ಹುಡುಕಿ ಜೋಡಿ ಹಾಕುತ್ತವೆ. ಸುಣ್ಣ ಬಳಿದ ಖಾಲಿ ಗೋಡೆ, ಮೋಡವಿಲ್ಲದ ಆಕಾಶದಲ್ಲಿ ಗುರುತೇ ಇರದೆ ಅವು ತಡವರಿಸುತ್ತವೆ. ಅಂಥ ಕಡೆ ಗೋಡೆಯ ಕಲೆಯನ್ನೋ ಮೊಳೆಯನ್ನೋ ಕೈಯಾರೆ ತೋರಿಸಬೇಕಾಗುತ್ತದೆ. ಎಲೆ, ಮೋಡ, ಮನುಷ್ಯರ ಮೇಲೆ ಬಿದ್ದ ಗುರುತುಗಳನ್ನು ಅಳಿಸಿ, ಕಲ್ಲಿನ ಮೇಲಿರುವವನ್ನು ಉಳಿಸಿ. ಬಳಿಕ ಒಂದೆರಡು ಕಂಬಗಳ ಅಂಚನ್ನು ‘ಇದು ಲಂಬ’ ಎಂದು ಗುರುತಿಸಿದರೆ ದಿಗಂತ ತಾನಾಗಿ ನೆಟ್ಟಗಾಗುತ್ತದೆ.

ಹೊರಬರುವ ಚಿತ್ರದ ಅಗಲ ಎತ್ತರದ ಸರಿಯಾಗಿ ಎರಡು ಪಟ್ಟಿರಬೇಕು: 8000ಕ್ಕೆ 4000, 12,000ಕ್ಕೆ 6000. ಅಡ್ಡಲಾಗಿ 360 ಡಿಗ್ರಿ, ಉದ್ದಕ್ಕೆ 180 ಡಿಗ್ರಿ ಎಂಬುದೇ ಈ ಲೆಕ್ಕದ ಮೂಲ. ಗೋಳವನ್ನು ಹಾಳೆಯಾಗಿ ಬಿಡಿಸಿದ್ದರಿಂದ ಭೂಪಟದಲ್ಲಿ ಧ್ರುವ ಪ್ರದೇಶಗಳು ಹಿಗ್ಗಿದಂತೆ ಇಲ್ಲಿ ಛಾವಣಿ ಮತ್ತು ನೆಲ ವಿಪರೀತ ಹಿಗ್ಗಿ ಕಾಣುತ್ತವೆ. ಅದನ್ನು ಕಂಡು ಹೆದರಿ ಕತ್ತರಿಸಬೇಡಿ. ನೋಡುವ ತಂತ್ರಾಂಶ ಮತ್ತೆ ಗೋಳಕ್ಕೆ ಸುತ್ತಿದಾಗ ಎಲ್ಲ ಸರಿಹೋಗುತ್ತದೆ.

ಚಿತ್ರಗಳಿಂದ ಟೂರ್

ಪ್ಯಾನೆಲಮ್, ಮಾರ್ಜಿಪಾನೊ ಎರಡೂ ಉಚಿತ. ಮಾರ್ಜಿಪಾನೊದಲ್ಲಿ ಚಿತ್ರಗಳನ್ನು ಬ್ರೌಸರಿಗೆ ಎಳೆದುಹಾಕಿ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಬಾಣದ ಕೊಂಡಿ ಇಟ್ಟು, ಸಿದ್ಧ ಟೂರ್ ಇಳಿಸಿಕೊಳ್ಳಬಹುದು. ಕೋಡ್ ಬರೆಯುವ ಅಗತ್ಯವಿಲ್ಲ. ಪ್ಯಾನೆಲಮ್‌ಗೆ ಸ್ವಲ್ಪ ಬರೆಯಬೇಕು, ಬದಲಿಗೆ ಎಲ್ಲವೂ ನಿಮ್ಮ ಹಿಡಿತದಲ್ಲಿರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ಮಹಾದ್ವಾರದಿಂದ ಒಳಮುಖವಾಗಿ ಹೆಜ್ಜೆ ಹಾಕಿದವರಿಗೆ ಅಂಗಳದ ಚಿತ್ರ ತೆರೆದಾಗ ಗರ್ಭಗುಡಿಯೇ ಎದುರಿರಬೇಕು. ಮತ್ತೆ ಬಾಗಿಲೇ ಎದುರಾದರೆ ಅವರು ದಿಕ್ಕು ತಪ್ಪಿ, ಎರಡನೇ ಬಾಣ ಒತ್ತುವಷ್ಟರಲ್ಲಿ ಬೇಸತ್ತು ಮುಚ್ಚುತ್ತಾರೆ. ಪ್ರತಿ ಕೊಂಡಿಗೂ ತೆರೆದಾಗ ಯಾವ ಕಡೆ ನೋಡಬೇಕೆಂಬ ಕೋನವನ್ನು ಕೊಟ್ಟು, ನಡೆದು ಬಂದ ದಿಕ್ಕು ಮುಂದುವರಿಯುವಂತೆ ಮಾಡಿ. ಪ್ರದಕ್ಷಿಣೆಯ ಬಾಣಗಳು ಗರ್ಭಗುಡಿ ಬಲಕ್ಕಿರುವಂತೆಯೇ ಸಾಗಲಿ. ಅಪ್ರದಕ್ಷಿಣೆಯಾಗಿ ಸುತ್ತಿಸುವ ಟೂರನ್ನು ಭಕ್ತರು ಒಪ್ಪುವುದಿಲ್ಲ.

ಮಾಹಿತಿಯ ಗುಂಡಿಗಳು ಹಿಡಿತದಲ್ಲಿರಲಿ. ಇದು ಗದ್ದುಗೆ, ಇತ್ತ ದಾಸೋಹ, ಈ ಕಡೆ ಗಾಲಿಕುರ್ಚಿ ಹೋಗುವುದಿಲ್ಲ: ಇಂಥ ಮಾತುಗಳು ಉಪಯೋಗಕ್ಕೆ ಬರುತ್ತವೆ. ಪುರಾಣ ಪೂರ್ತಿ ತುಂಬಿದರೆ ಚಿತ್ರವೇ ಮುಚ್ಚಿಹೋಗುತ್ತದೆ. ಓದಲು ಕಷ್ಟವಾಗುವ ಹಿರಿಯರಿಗೆ ಕನ್ನಡದಲ್ಲಿ ಅರ್ಧ ನಿಮಿಷದ ಧ್ವನಿ ಹಾಕಿದರೆ ಹೆಚ್ಚು ಪ್ರಯೋಜನ. ಕಗ್ಗೆರೆ ಮತ್ತು ಮಾರ್ಕೋನಹಳ್ಳಿಗೆ ಬೇರೆ ಬೇರೆ ಅಧ್ಯಾಯ ಮಾಡಿ ನಕ್ಷೆಯಲ್ಲಿ ಜೋಡಿಸಿ.

ಎಚ್ಚರಿಕೆಗಳು

ಮುಖ ಮತ್ತು ವಾಹನದ ನಂಬರ್ ಪ್ಲೇಟ್ ಮಸುಕು ಮಾಡಿದ ಮೇಲೆಯೇ ಪ್ರಕಟಿಸಿ. ಸ್ನಾನಘಟ್ಟ, ಮುಡಿ ಕೊಡುವ ಜಾಗ, ಪಂಕ್ತಿಯಲ್ಲಿ ಉಣ್ಣುವವರ ಹತ್ತಿರ 360 ಕ್ಯಾಮೆರಾ ಒಯ್ಯಬೇಡಿ. ತಾವು ಚಿತ್ರದಲ್ಲಿದ್ದೇವೆ ಎಂಬುದೇ ಅಲ್ಲಿರುವವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಲೆನ್ಸ್ ಯಾವ ಕಡೆ ತಿರುಗಿದೆ ಎಂಬ ಸುಳಿವೇ ಈ ಕ್ಯಾಮೆರಾದಲ್ಲಿಲ್ಲ. ಹುಂಡಿ, ಸಿಸಿಟಿವಿ, ಬೀಗದ ಕೋಣೆಗಳನ್ನು ಹತ್ತಿರದಿಂದ ತೋರಿಸುವುದೂ ಬೇಡ. ಸಂಶಯವಿದ್ದರೆ ಪ್ರಕಟಿಸುವ ಮೊದಲು ದೇವಸ್ಥಾನದ ಕಚೇರಿಯವರಿಗೇ ಒಮ್ಮೆ ಟೂರ್ ತೋರಿಸಿ.

ಪದೇ ಪದೇ ಆಗುವ ತಪ್ಪುಗಳು

ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸುವುದು. ಚಿತ್ರ ಕುಗ್ಗುತ್ತದೆ, ಜೊತೆಗೆ ‘ಇದು ಗೋಳಚಿತ್ರ’ ಎಂದು ಹೇಳುವ ಒಳಟಿಪ್ಪಣಿಯೂ ಅಳಿಸಿಹೋಗುತ್ತದೆ. ತಲುಪಿದವರಿಗೆ ಕಾಣುವುದು ಬಾಗಿದ ಉದ್ದ ಪಟ್ಟಿ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೊಂಡಿ ಕಳಿಸಿ.

360 ಕ್ಯಾಮೆರಾದ ಮಗ್ಗುಲನ್ನು ಮುಖ್ಯ ವಸ್ತುವಿನ ಕಡೆ ತಿರುಗಿಸುವುದು. ಎರಡು ಲೆನ್ಸ್‌ಗಳ ನೋಟ ಕೂಡುವ ಗೆರೆ ಮಗ್ಗುಲಲ್ಲಿದೆ. ಒಂದು ಮೀಟರಿಗಿಂತ ಹತ್ತಿರ ಬಂದದ್ದು ಅಲ್ಲಿ ಕತ್ತರಿಸಿಹೋಗುತ್ತದೆ. ಯಾವುದಾದರೊಂದು ಲೆನ್ಸ್ ನೇರವಾಗಿ ಮುಖ್ಯ ವಸ್ತುವನ್ನು ನೋಡುತ್ತಿರಲಿ.

ಅಗಲ ಕಾಲಿನ ಟ್ರೈಪಾಡ್. ಪಾದದ ಕೆಳಗೆ ನೋಡಿದರೆ ಕಪ್ಪು ಮೂರುಕಾಲಿನ ರಾಶಿ. ಸಣ್ಣ ಬುಡದ ಒಂಟಿ ಕೋಲು ಬಳಸಿ, ಟೈಮರ್ ಹಾಕಿ ನೀವು ಕಂಬದ ಮರೆಗೆ ಸರಿಯಿರಿ. ಗಾಳಿಯಿದ್ದ ದಿನ ಮಾತ್ರ ಕೋಲನ್ನು ಒಂಟಿಯಾಗಿ ಬಿಟ್ಟು ದೂರ ಹೋಗಬೇಡಿ.

20,000 ಪಿಕ್ಸೆಲ್ ಚಿತ್ರವನ್ನು ಹಾಗೆಯೇ ಏರಿಸುವುದು. ಹಳೆಯ ಫೋನುಗಳು 4096 ಪಿಕ್ಸೆಲ್‌ಗಿಂತ ಅಗಲದ ಚಿತ್ರ ಬಂದರೆ ಕಪ್ಪು ಪರದೆ ತೋರಿಸುತ್ತವೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ನೋಡಿದ ಭಾಗವನ್ನಷ್ಟೇ ಇಳಿಸುವ ವ್ಯವಸ್ಥೆ ಮಾರ್ಜಿಪಾನೊ, ಪ್ಯಾನೆಲಮ್ ಎರಡರಲ್ಲೂ ಇದೆ, ಅದನ್ನೇ ಬಳಸಿ.

ಟೂರಿನ ಕಡತವನ್ನು ಕಂಪ್ಯೂಟರಿನಿಂದ ನೇರ ತೆರೆದು ‘ಕೆಲಸ ಮಾಡುತ್ತಿಲ್ಲ’ ಎನ್ನುವುದು. ಬ್ರೌಸರ್‌ಗಳು ಸುರಕ್ಷತೆಗಾಗಿ ಹಾಗೆ ತೆರೆದ ಚಿತ್ರಗಳನ್ನು ತಡೆಯುತ್ತವೆ. ಸರ್ವರಿಗೆ ಏರಿಸಿ ನೋಡಿ.

ಎಲ್ಲಿ ಹಾಕುವುದು? ಗೂಗಲ್‌ನ ಪ್ರತ್ಯೇಕ ಸ್ಟ್ರೀಟ್ ವ್ಯೂ ಆ್ಯಪ್ 2023ರ ಮಾರ್ಚ್‌ನಲ್ಲೇ ನಿಂತುಹೋಗಿದೆ, ಹಳೆಯ ವಿಡಿಯೊ ಪಾಠಗಳನ್ನು ನೋಡಿ ಅದನ್ನು ಹುಡುಕಬೇಡಿ. ಬಿಡಿ 360 ಚಿತ್ರವನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗದ ಫೋಟೊ ಆಗಿಯೇ ಸೇರಿಸಬಹುದು. ಉದ್ದ ರಸ್ತೆಯೊಂದನ್ನು ನಡೆದು ತೆಗೆದ, ಜಿಪಿಎಸ್ ಸಹಿತ 360 ವಿಡಿಯೊವನ್ನು ಸ್ಟ್ರೀಟ್ ವ್ಯೂ ಸ್ಟುಡಿಯೊ ತೆಗೆದುಕೊಳ್ಳುತ್ತದೆ. ಪೂರ್ತಿ ಟೂರಿಗೆ ಸ್ವಂತ ಜಾಲತಾಣದ ಮೂಲೆಯೊಂದು ಬೇಕು. ಮೂಲ ಚಿತ್ರಗಳನ್ನು ತೆಗೆದ ದಿನಾಂಕದೊಂದಿಗೆ ಎರಡು ಕಡೆ ಕಾಪಿಡಿ, ಟೂರಿನ ಮೊದಲ ಪರದೆಯಲ್ಲೂ ಆ ದಿನಾಂಕ ಬರೆಯಿರಿ. ದೇವಸ್ಥಾನಗಳಲ್ಲಿ ಹೊಸ ನೆರಳುಚಾವಣಿ, ಹೊಸ ಸರದಿಕಂಬಿ ಬರುತ್ತಲೇ ಇರುತ್ತವೆ. ಹೋದ ವರ್ಷದ ಬಾಗಿಲನ್ನು ನಂಬಿ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದವರು ಈ ವರ್ಷ ಮೆಟ್ಟಿಲ ಮುಂದೆ ನಿಲ್ಲಬಾರದಲ್ಲ.